ಡಂಗುರದಿಂದ ನೋಟೀಸ್ ಬೋರ್ಡಿನವರೆಗೆ: ಸರಕಾರದ ಸುದ್ದಿ ನಮ್ಮೂರಿಗೆ ಬಂದ ಬಗೆ

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರೆಲ್ಲರೂ ಒಂದೊಂದು ಲೇಖನ ಕೊಡಬೇಕು ಅಂತ ಸಭೆಯಲ್ಲಿ ಠರಾವು ಆಯಿತು. ಶೇರು, ಸಾಲ, ಲಾಭದ ವಿಚಾರ ಬರೆಯುವುದಕ್ಕೆ ನನಗಿಂತ ತಿಳಿದವರು ಇದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿ ಹೊಲಕ್ಕೆ ಬಂದವನು. ಆದರೆ ಬಹಳ ದಿನದಿಂದ ನನ್ನ ತಲೆಯಲ್ಲಿ ಒಂದು ಮಾತು ಸುತ್ತುತ್ತಿದೆ. ಸರಕಾರ ಏನು ಹೇಳುತ್ತದೆ, ಏನು ಕೊಡುತ್ತದೆ ಅನ್ನುವುದು ನಮ್ಮಂಥ ಹಳ್ಳಿಗೆ ಹೇಗೆ ಮುಟ್ಟುತ್ತಿತ್ತು, ಈಗ ಹೇಗೆ ಮುಟ್ಟುತ್ತದೆ? ಸುದ್ದಿ ತಡವಾಗಿ ಬಂದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ಮನೆತನವೇ ಅನುಭವಿಸಿದೆ. ಅದನ್ನು ಮುಂದೆ ಹೇಳುತ್ತೇನೆ.

ಸರಕಾರಿ ನೋಟೀಸು ಅನ್ನುವುದು ನಮ್ಮ ಜಿಲ್ಲೆಗೆ ಹೊಸದಲ್ಲ. ಮಸ್ಕಿಯ ಗುಡ್ಡದಲ್ಲಿ ಅಶೋಕ ಚಕ್ರವರ್ತಿಯ ಶಾಸನ ಇದೆ. 1915 ರಲ್ಲಿ ಚಿನ್ನದ ಗಣಿಯ ಕೆಲಸದ ಮೇಲೆ ತಿರುಗುತ್ತಿದ್ದ ಬೀಡನ್ ಎಂಬ ಇಂಜಿನಿಯರು ಅದನ್ನು ಕಂಡುಹಿಡಿದರು. ಅದರಲ್ಲಿ ಅಶೋಕ ಎಂಬ ಹೆಸರೇ ಕೊರೆದಿದ್ದರಿಂದ ದೇವಾನಾಂಪ್ರಿಯ ಅಂದರೆ ಯಾರು ಅನ್ನುವ ಪಂಡಿತರ ಜಗಳ ಬಗೆಹರಿಯಿತು. ಶಾಲೆಯಲ್ಲಿ ಇಷ್ಟನ್ನು ನಾವೆಲ್ಲ ಓದಿದ್ದೇವೆ. ನನಗೆ ಹಿಡಿಸಿದ್ದು ಬೇರೆ. ಈ ಮಾತು ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರಿಗೂ ದೊಡ್ಡವರಿಗೂ ತಿಳಿಸಬೇಕು ಎಂಬ ಅರ್ಥ ಆ ಶಾಸನದಲ್ಲಿ ಇದೆ. ನಮ್ಮ ಗಡಿಗೆ ಹತ್ತಿಕೊಂಡಿರುವ ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನವಂತೂ ಇನ್ನೂ ಸ್ಪಷ್ಟ. ಅಧಿಕಾರಿಯು ಭೇರಿ ಬಾರಿಸಿ ನಾಡಿನ ಜನಕ್ಕೆ ಅಪ್ಪಣೆ ತಿಳಿಸಬೇಕು ಅಂತ ಅದರಲ್ಲಿ ಬರುತ್ತದೆ. ಅಂದರೆ ಎರಡು ಸಾವಿರ ವರ್ಷದ ಹಿಂದೆಯೇ ಈ ಸೀಮೆಯಲ್ಲಿ ಡಂಗುರ ಇತ್ತು. ಕಲ್ಲಿನ ಮೇಲೆ ಬರೆದರೆ ಸಾಲದು, ಬಾಯಿಂದಲೂ ಹೇಳಬೇಕು ಅನ್ನುವುದು ಆ ದೊರೆಗೆ ಗೊತ್ತಿತ್ತು.

ಮುಂದೆ ಎಷ್ಟೋ ರಾಜರು ಆಳಿದರು. ಕೃಷ್ಣಾ ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿಗಾಗಿ ಅವರು ಬಡಿದಾಡಿದ್ದನ್ನು ಬರೆದರೆ ಈ ಸಂಚಿಕೆ ಸಾಲದು. ನಿಜಾಮನು ಇಂಗ್ಲೀಷರಿಗೆ ಸಾಲಗಾರನಾಗಿ 1853 ರಲ್ಲಿ ರಾಯಚೂರು ದೋಆಬನ್ನು ಅವರ ಕೈಗೆ ಕೊಟ್ಟ. 1860 ರಲ್ಲಿ ತಿರುಗಿ ಅವನಿಗೇ ಬಂತು. 1871 ರಲ್ಲಿ ಮುಂಬೈ ಕಡೆಯ ರೈಲು ಮತ್ತು ಮದ್ರಾಸು ಕಡೆಯ ರೈಲು ರಾಯಚೂರಲ್ಲಿ ಕೂಡಿದವು. ಪಟ್ಟಣಕ್ಕೆ ದೇಶದ ಸುದ್ದಿ ದಿನಾ ಬರತೊಡಗಿತು. ಮಾನ್ವಿ, ದೇವದುರ್ಗದ ಹಳ್ಳಿಗಳಿಗೆ ಮಾತ್ರ ಚಾವಡಿಯೇ ಸರಕಾರ, ಹಲಗೆಯೇ ಸುದ್ದಿ.

ನಮ್ಮ ತಾತ ನಿಜಾಮರ ಕಾಲದವರು. ಅವರು ಹೇಳುತ್ತಿದ್ದ ಪ್ರಕಾರ ಕಂದಾಯಕ್ಕೆ ಮಾಲಿ ಪಾಟೀಲ, ಕಳ್ಳಕಾಕರ ವಿಚಾರಕ್ಕೆ ಪೋಲೀಸ ಪಾಟೀಲ, ಲೆಕ್ಕಕ್ಕೆ ಪಟವಾರಿ, ಓಡಾಟಕ್ಕೆ ತಳವಾರ. ಈಗ ನಾವು ಡಿ.ಸಿ. ಸಾಹೇಬರು ಅನ್ನುವವರಿಗೆ ಆಗ ತಾಲೂಕದಾರ ಅನ್ನುತ್ತಿದ್ದರು. ಮೇಲಿನಿಂದ ಹುಕುಂ ಬಂದರೆ ಹೊತ್ತು ಮುಳುಗಿದ ಮೇಲೆ, ಮಂದಿ ಹೊಲದಿಂದ ಬಂದ ಮೇಲೆ, ಅಗಸಿಯಿಂದ ಡಂಗುರ ಸುರುವಾಗುತ್ತಿತ್ತು. ಹಲಗೆ ಬಾರಿಸಿದವರ ಜಾತಿ ಯಾವುದು, ಅವರ ಕೇರಿ ಎಲ್ಲಿತ್ತು ಅನ್ನುವುದು ನಿಮಗೆ ಗೊತ್ತು. ಊರಿಗೆಲ್ಲ ಸುದ್ದಿ ಸಾರಿದವರು ಚಾವಡಿಯ ಕಟ್ಟೆ ಹತ್ತುವಂತಿರಲಿಲ್ಲ. ಇದನ್ನು ಬರೆಯದೆ ಹಳೇ ಕಾಲ ಚೊಲೋ ಇತ್ತು ಅಂತ ಬರೆದರೆ ಸುಳ್ಳು ಬರೆದಂತೆ.

ಇನ್ನೊಂದು ತೊಂದರೆ ಭಾಷೆಯದು. ಸಂಸ್ಥಾನದ ದಫ್ತರ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ನಮ್ಮ ತಾತನ ಟ್ರಂಕಿನಲ್ಲಿ ಒಂದು ಉರ್ದು ಕಾಗದ ಇತ್ತು. ಕೆಂಪು ಅರಿವೆಯಲ್ಲಿ ಸುತ್ತಿ ಇಟ್ಟಿದ್ದರು. ಯುಗಾದಿಗೊಮ್ಮೆ ತೆಗೆದು, ಧೂಳು ಝಾಡಿಸಿ, "ಇದು ಹಳ್ಳದ ಹೊಲದ ಪಟ್ಟಾ, ಇದು ಇರೋ ತನಕ ಯಾರ ಅಂಜಿಕೀನೂ ಇಲ್ಲ" ಅನ್ನುತ್ತಿದ್ದರು. ನಾವು ಕೈಮುಗಿಯುತ್ತಿದ್ದೆವು.

1948 ರ ಸೆಪ್ಟೆಂಬರದಲ್ಲಿ ಪೋಲೀಸ್ ಕಾರ್ಯಾಚರಣೆ ಆಗಿ ನಿಜಾಮರ ಆಳ್ವಿಕೆ ಮುಗಿಯಿತು. 1956 ರ ನವೆಂಬರ 1 ರಂದು ರಾಯಚೂರು, ಗುಲಬರ್ಗಾ, ಬೀದರ ಮೈಸೂರು ರಾಜ್ಯಕ್ಕೆ ಸೇರಿದವು. ಆಗ ಒಂದೊಂದು ಭಾಗಕ್ಕೆ ಒಂದೊಂದು ಪಂಚಾಯತಿ ಕಾಯಿದೆ ಇತ್ತು. 1959 ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಕಾಯಿದೆ ಆಯಿತು. ಊರಿಗೆ ಗ್ರಾಮ ಪಂಚಾಯತಿ, ತಾಲೂಕಿಗೆ ತಾಲೂಕು ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಅಭಿವೃದ್ಧಿ ಪರಿಷತ್ತು. ನಮ್ಮ ಹಿರಿಯರು ಇವತ್ತಿಗೂ "ಬೋರ್ಡಿನ ಶಾಲೆ" ಅನ್ನುವುದು ಆ ಬೋರ್ಡಿನ ನೆನಪಿಗೇ. 1961 ರ ಕಾಯಿದೆಯಿಂದ ವಂಶಪಾರಂಪರ್ಯದ ಗೌಡಕಿ, ಪಟವಾರಿಕೆ ರದ್ದಾಗಿ ಗ್ರಾಮ ಲೆಕ್ಕಿಗರು ಬಂದರು. ಕಾಗದದ ಮೇಲೆ ರದ್ದಾದರೂ ಮಂದಿ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಚಾವಡಿಯೇ ನಡೆಯಿತು. 1966 ರಲ್ಲಿ ಗುಲಬರ್ಗಾ ಆಕಾಶವಾಣಿ ಸುರುವಾದ ಮೇಲೆ ರೇಡಿಯೋ ಇದ್ದವರ ಮನೆ ಕಟ್ಟೆಯ ಮೇಲೆ ಕೂತು ರೈತರ ಕಾರ್ಯಕ್ರಮ ಕೇಳುವುದು ಒಂದು ರೂಢಿ ಆಯಿತು.

ನನ್ನ ನೆನಪು ಸುರುವಾಗುವುದು ಮಂಡಲ ಪಂಚಾಯತಿಯಿಂದ. ರಾಮಕೃಷ್ಣ ಹೆಗಡೆಯವರ ಸರಕಾರ 1983 ರಲ್ಲಿ ಕಾಯಿದೆ ತಂದಿತು. ರಾಷ್ಟ್ರಪತಿಗಳ ಒಪ್ಪಿಗೆ ಬಂದದ್ದು 1985 ರಲ್ಲಿ, ಚುನಾವಣೆ ಆದದ್ದು 1987 ರ ಜನವರಿಯಲ್ಲಿ. ನಾನಾಗ ಒಂದನೇ ಎರಡನೇ ಇಯತ್ತೆ ಹುಡುಗ, ಚೀಟಿ ಹಂಚಲು ಓಡಾಡಿದ್ದು ನೆನಪಿದೆ. ಎಂಟರಿಂದ ಹನ್ನೆರಡು ಸಾವಿರ ಜನಸಂಖ್ಯೆಗೆ ಒಂದು ಮಂಡಲ. ನೂರಕ್ಕೆ 25 ಸ್ಥಾನ ಹೆಣ್ಣುಮಕ್ಕಳಿಗೆ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅಲ್ಲಿಯ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಅಲ್ಲಿಯವರೆಗೆ ಜಿಲ್ಲಾಧಿಕಾರಿಯ ಮೇಲೆ ಯಾರೂ ಇಲ್ಲ ಅಂತ ತಿಳಿದ ನಮ್ಮ ಜನಕ್ಕೆ ಇದು ದೊಡ್ಡ ಆಶ್ಚರ್ಯ.

ಇದರ ಹಿಂದಿದ್ದವರು ಸಚಿವ ಅಬ್ದುಲ್ ನಜೀರ್ ಸಾಬರು. 250 ಜನಕ್ಕೆ ಒಂದು ಕೊಳವೆ ಬಾವಿ ಅಂತ ಲೆಕ್ಕ ಹಾಕಿ ಹಳ್ಳಿಹಳ್ಳಿಗೆ ಬೋರು ಹಾಕಿಸಿದರು. ಮಂದಿ ಅವರಿಗೆ ನೀರ್ ಸಾಬ್ ಅಂತ ಹೆಸರಿಟ್ಟರು. ನಮ್ಮ ಕೇರಿಯ ಬೋರಿಗೆ ಮಷಿನ್ನು ಬಂದ ದಿನ ಶಾಲೆ ಬಿಟ್ಟು ಓಡಿದ್ದೆವು. ಕಲ್ಲಿನ ಪುಡಿ ಹಾರಿ ಹಾರಿ ಕಡೆಗೆ ಕೆಸರು ನೀರು ಚಿಮ್ಮಿದಾಗ ನಮ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಕಂಡಿದ್ದೇನೆ. ಅದಕ್ಕಿಂತ ಮೊದಲು ಹಳ್ಳದಲ್ಲಿ ವರತಿ ತೋಡಿ ಚರಿಗೆಯಿಂದ ಮೊಗೆದು ತರಬೇಕಿತ್ತು. ಸಾಬರು 1988 ರಲ್ಲಿ ತೀರಿಕೊಂಡರು. ಪಂಪಿನ ನೀರು ಸ್ವಲ್ಪ ಉಪ್ಪು ಅನ್ನುವುದು ಖರೆ, ಆದರೆ ನೀರು ಮನೆ ಹತ್ತಿರ ಬಂತಲ್ಲ.

ಮಂಡಲದ ಕಚೇರಿ ಗೋಡೆಗೆ ಒಂದು ಕರೀ ಹಲಗೆ ಬಂತು. ಮನೆ ಮಂಜೂರಾದವರ ಯಾದಿ, ಜನತಾ ಸೈಕಲ್ಲು, ಕಂದೀಲು, ಎಲ್ಲ ಅದರ ಮೇಲೆ. ಡಂಗುರ ನಿಂತದ್ದು ಆಗಲೇ. ಅಕ್ಷರ ಬಲ್ಲವರಿಗೆ ಅನುಕೂಲ ಆಯಿತು, ಬಾರದವರಿಗೆ ಇದ್ದ ಒಂದು ದಾರಿಯೂ ಮುಚ್ಚಿತು. ಇದನ್ನು ಆಗ ಯಾರೂ ವಿಚಾರ ಮಾಡಲಿಲ್ಲ.

ಮಂಡಲಗಳ ಅವಧಿ ಮುಗಿದು ಆಡಳಿತಾಧಿಕಾರಿಗಳು ಬಂದರು. ಸಂವಿಧಾನಕ್ಕೆ 73 ನೇ ತಿದ್ದುಪಡಿ ಆಗಿ 1993 ರಲ್ಲಿ ಈಗಿನ ಪಂಚಾಯತ ರಾಜ್ ಕಾಯಿದೆ ಬಂತು. ಆ ವರ್ಷದ ಡಿಸೆಂಬರದಲ್ಲೇ ಗ್ರಾಮ ಪಂಚಾಯತಿ ಚುನಾವಣೆ ಆಯಿತು. ಆರು ತಿಂಗಳಿಗೊಮ್ಮೆ ಗ್ರಾಮ ಸಭೆ ಕರೆಯಬೇಕು ಅಂತ ಆ ಕಾಯಿದೆ ಹೇಳುತ್ತದೆ. ಸಭೆ ನಡೆದ ಊರೂ ಇವೆ, ಠರಾವು ಪುಸ್ತಕ ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಂಡು ಬಂದ ಊರೂ ಇವೆ. ನಾನೂ ಒಮ್ಮೆ ಹಾಗೆ ಎತ್ತು ಕಟ್ಟುತ್ತಾ ಸಹಿ ಮಾಡಿದ್ದೇನೆ. ಏನು ಬರೆದಿದ್ದರು ಅಂತ ಓದಲಿಲ್ಲ. ತಪ್ಪು ನನ್ನದೇ.

ಇನ್ನು ತಾತನ ಕಾಗದದ ಮಾತು. ಸುಮಾರು 2000 ದಿಂದ ಭೂಮಿ ಯೋಜನೆಯಲ್ಲಿ ಪಹಣಿಗಳನ್ನೆಲ್ಲ ಕಂಪ್ಯೂಟರಿಗೆ ಹಾಕತೊಡಗಿದರು. ಕೈಬರಹದ ಪಹಣಿ ನಿಂತಿತು. ಆಗಿನ್ನೂ ನಮ್ಮ ಸಂಘ ಹುಟ್ಟಿ ವರ್ಷ ತುಂಬಿತ್ತೋ ಇಲ್ಲವೋ. ಒಂದು ದಿನ ಸಂಘದ ಕಾರ್ಯದರ್ಶಿಯವರು ಸಾಲದ ಕಾಗದದ ಸಲುವಾಗಿ ತಾಲೂಕಿಗೆ ಹೋಗಿ ಬಂದವರು ಸೀದಾ ನಮ್ಮ ಮನೆಗೆ ಬಂದು ಅಪ್ಪನನ್ನು ಕರೆದರು. "ಅಣ್ಣಾರ, ನಿಮ್ಮ ಹಳ್ಳದ ಹೊಲ ಬ್ಯಾರೆಯವರ ಹೆಸರಿಗೆ ಬದಲಿ ಆಗಾಕ ಹತ್ತೇತಿ. ನೋಟೀಸ್ ಹಚ್ಯಾರ. ತಕರಾರು ಕೊಡಾಕ ಇನ್ನ ಮೂರ ದಿನ ಐತಿ" ಅಂದರು.

ಅಪ್ಪ ನಕ್ಕರು. ಪಟ್ಟಾ ಟ್ರಂಕಿನಲ್ಲಿ ಇದೆಯಲ್ಲ ಅಂದರು. ಮರುದಿನ ಅಪ್ಪನೂ ನಾನೂ ಕೆಂಪು ಅರಿವೆ ಗಂಟನ್ನು ತೆಗೆದುಕೊಂಡು ಮಾನ್ವಿಗೆ ಹೋಗಿ, ಉರ್ದು ಬಲ್ಲ ಒಬ್ಬ ನಿವೃತ್ತ ಮಾಸ್ತರರಿಗೆ ತೋರಿಸಿದೆವು. ಅವರು ಚಸ್ಮಾ ಹಾಕಿಕೊಂಡು ಎರಡು ಸಲ ಓದಿದರು. "ಇದು ಪಟ್ಟಾ ಅಲ್ಲಪ್ಪ, ಕಂದಾಯದ ರಸೀದಿ. 1352 ಫಸಲಿ ಸನ್. ಹಾಲಿ ಸಿಕ್ಕಾ ರೂಪಾಯಿ ಕಟ್ಟಿದ್ದಕ್ಕೆ ಕೊಟ್ಟದ್ದು" ಅಂದರು. ಫಸಲಿಗೆ 590 ಕೂಡಿಸಬೇಕಂತೆ, ಅಂದರೆ 1942 ನೇ ಇಸವಿ. ಹೊಲ ತಾತನ ಅಣ್ಣನ ಹೆಸರಿನಲ್ಲೇ ಉಳಿದಿತ್ತು. ನಾವು ಅರವತ್ತು ವರ್ಷ ಒಂದು ರಸೀದಿಗೆ ಕೈಮುಗಿದಿದ್ದೆವು. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಮಾತಾಡದೆ ಕೂತರು.

ತಕರಾರು ಅರ್ಜಿ ಕಡೇ ದಿನ ಕೊಟ್ಟೆವು. ನಾಲ್ಕು ವರ್ಷ ನಡೆಯಿತು. ಮೂರು ಎಕರೆಯಲ್ಲಿ ಎರಡು ನಮಗೆ ಬಂತು, ಒಂದು ಹೋಯಿತು. ಹೋದವರೂ ನಮ್ಮ ಅಣ್ಣತಮ್ಮಂದಿರೇ, ಅವರಿಗೂ ಹಕ್ಕಿತ್ತು ಅಂತ ಈಗ ಅನಿಸುತ್ತದೆ. ಆದರೆ ಆ ಮೂರು ದಿನ ತಪ್ಪಿದ್ದರೆ ಮೂರೂ ಎಕರೆ ಹೋಗುತ್ತಿತ್ತು. ನೋಟೀಸು ನಿಯಮದ ಪ್ರಕಾರ ಹಚ್ಚಿದ್ದರು. ಅದನ್ನು ಓದಿ ನಮಗೆ ಹೇಳಿದವರು ಮಾತ್ರ ನಮ್ಮ ಸಂಘದವರು. 1905 ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಹಕಾರ ಸಂಘ ಕಟ್ಟಿದ್ದು ಸಾಲದ ಸಲುವಾಗಿ. ನನ್ನ ಮಟ್ಟಿಗೆ ನಮ್ಮ ಸಂಘ ಕೊಟ್ಟ ಮೊದಲ ಸಾಲ ಆ ಸುದ್ದಿ.

ಆಮೇಲೆ ಬದಲಾವಣೆಗಳು ಬೇಗ ಬೇಗ ಬಂದವು. 2005 ರಲ್ಲಿ ಮಾಹಿತಿ ಹಕ್ಕು ಕಾಯಿದೆ. 2006 ರ ಫೆಬ್ರವರಿಯಲ್ಲಿ ಉದ್ಯೋಗ ಖಾತರಿ ಸುರುವಾದಾಗ ದೇಶದ ಮೊದಲ 200 ಜಿಲ್ಲೆಗಳಲ್ಲಿ ನಮ್ಮ ರಾಯಚೂರೂ ಒಂದು. ಹಿಂದುಳಿದ ಜಿಲ್ಲೆ ಅನ್ನುವ ಕಾರಣಕ್ಕೆ ಸಿಕ್ಕದ್ದು, ಹೆಮ್ಮೆ ಪಡಬೇಕೋ ಬೇಡವೋ ತಿಳಿಯದು. ಹೋಬಳಿಗೆ ನೆಮ್ಮದಿ ಕೇಂದ್ರ ಬಂತು. ಜಾತಿ, ಆದಾಯ ಪತ್ರಕ್ಕೆ ತಾಲೂಕಿಗೆ ಹೋಗಿ ಚಹಾದ ಅಂಗಡಿಯಲ್ಲಿ ದಿನ ಕಳೆಯುವುದು ಕಡಿಮೆ ಆಯಿತು. 2011 ರಲ್ಲಿ ಸಕಾಲ ಕಾಯಿದೆ ಬಂದು ಅರ್ಜಿಗೆ ಇಷ್ಟೇ ದಿನ ಅಂತ ಗಡುವು ಬಿತ್ತು. 2016 ರಲ್ಲಿ ಪಂಚಾಯತಿಯಲ್ಲೇ ಬಾಪೂಜಿ ಸೇವಾ ಕೇಂದ್ರ ತೆರೆದರು. "ಸರ್ವರ್ ಇಲ್ಲ" ಅನ್ನುವ ಹೊಸ ಮಾತನ್ನೂ ನಾವು ಕಲಿತೆವು. ಮೊದಲು "ಸಾಹೇಬರು ಇಲ್ಲ" ಅನ್ನುತ್ತಿದ್ದರು.

ಜಿಲ್ಲೆಯೂ ಸಣ್ಣದಾಯಿತು. 1997 ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಯಿತು. 2018 ರಲ್ಲಿ ಮಸ್ಕಿ, ಸಿರವಾರ ತಾಲೂಕುಗಳಾದವು, ಮುಂದೆ ದೇವದುರ್ಗದಿಂದ ಅರಕೇರಾ ಬೇರೆಯಾಯಿತು. ಕಚೇರಿ ಹತ್ತಿರ ಬಂತು ಅಂತ ಸಂತೋಷವೇ. ಆದರೆ ತಾಲೂಕು, ಜಿಲ್ಲಾ ಪಂಚಾಯತಿಗಳಿಗೆ 2016 ರಲ್ಲಿ ಆರಿಸಿದ ಸದಸ್ಯರ ಅವಧಿ 2021 ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಕಾಲುವೆಯ ಕೊನೇ ಭಾಗದ ರೈತ ನೀರಿಲ್ಲ ಅಂತ ಯಾರ ಮನೆಗೆ ಹೋಗಬೇಕು? ನಜೀರ್ ಸಾಬರು ಕಟ್ಟಿದ ಮನೆಯ ಮೇಲಿನ ಅಂತಸ್ತು ಖಾಲಿ ಬಿದ್ದಂತೆ ಆಯಿತು.

ಪಟ್ಟಣದಲ್ಲಿ ಇದ್ದವರಿಗೆ ಎಲ್ಲ ಸೌಕರ್ಯ ಅಂತ ನಾವು ಹಳ್ಳಿಯವರು ತಿಳಿಯುತ್ತೇವೆ. 2022 ರಲ್ಲಿ ಮಾನ್ವಿ, ದೇವದುರ್ಗಕ್ಕೆ ಪುರಸಭೆ, ರಾಯಚೂರಿಗೆ ನಗರಸಭೆ ಇತ್ತು. ಆದರೆ 2022 ರ ಮೇ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಮಂದಿ ಸತ್ತರು, ಬಹಳ ಜನ ಆಸ್ಪತ್ರೆ ಸೇರಿದರು. ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಡುವೆ ಕೂತ ಊರಿಗೆ ಕುಡಿಯುವ ನೀರಿನ ಸಾವು. ನನ್ನ ತಂಗಿ ಅಲ್ಲಿಯೇ ಇದ್ದಾಳೆ. ಫೋನು ಮಾಡಿದೆ. "ಬಾಜೂ ಮನಿಯಾಕಿ ಹೇಳಿದ್ಲು ಅಣ್ಣಾ, ಅವತ್ತಿನಿಂದ ಕುದಿಸೇ ಕುಡಿಯಾಕ ಹತ್ತೀವಿ" ಅಂದಳು. 2024 ರ ಸೆಪ್ಟೆಂಬರ 17 ರಂದು ಕಲಬುರಗಿಯಲ್ಲಿ ನಡೆದ ಸಚಿವ ಸಂಪುಟ ಸಭೆಯಲ್ಲಿ ರಾಯಚೂರನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನ ಆಯಿತು. ಹೆಸರು ದೊಡ್ಡದಾದ ಮೇಲೆ ಪೈಪೂ ಹೊಸದಾಗಲಿ ಅಂತ ತಂಗಿಯ ಮಾತು.

ಈಗ ಎಲ್ಲರ ಕೈಯಲ್ಲೂ ಮೊಬೈಲು. ಪಂಚಾಯತಿ ಸುದ್ದಿ ವಾಟ್ಸಾಪಿಗೆ ಬರುತ್ತದೆ, ಸುಳ್ಳು ಸುದ್ದಿ ಅದಕ್ಕಿಂತ ಮೊದಲೇ ಬರುತ್ತದೆ. ಹೋದ ವರ್ಷ ಬೆಳೆ ವಿಮೆಗೆ ಕಡೇ ದಿನ ಮುಂದೆ ಹೋಗಿದೆ ಅಂತ ಯಾರೋ ಹಾಕಿದ್ದನ್ನು ನಂಬಿ ನಮ್ಮೂರಲ್ಲೇ ಕೆಲವರು ಕಂತು ಕಟ್ಟದೆ ಉಳಿದರು. ಆ ಮೇಲೆ ಆಡಳಿತ ಮಂಡಳಿಯಲ್ಲಿ ಮಾತಾಡಿ ಎರಡು ಠರಾವು ಮಾಡಿದೆವು. ಸಂಘದ ಬಾಗಿಲ ಬಳಿ ಒಂದು ಕರೀ ಹಲಗೆ, ತಾಲೂಕಿನಿಂದಲೋ ಪಂಚಾಯತಿಯಿಂದಲೋ ಕೇಳಿ ಖಾತ್ರಿ ಮಾಡಿಕೊಂಡದ್ದನ್ನೇ ಬರೆಯಬೇಕು. ಎರಡನೆಯದು, ಬರೆದ ದಿನ ಸಂಜೆ ಗೊಬ್ಬರದ ಆಟೋದ ಮೈಕಿನಲ್ಲಿ ಎಲ್ಲಾ ಕೇರಿಗಳಲ್ಲಿಯೂ ಓದಿ ಹೇಳಬೇಕು, ಹಳೇ ಡಂಗುರ ನಿಲ್ಲುತ್ತಿದ್ದ ಜಾಗದಲ್ಲೇ ತಿರುಗಿ ಬರಬಾರದು, ಕಡೇ ಮನೆತನಕ ಹೋಗಬೇಕು. ಡೀಸೆಲ್ ಖರ್ಚು ಯಾವ ಲೆಕ್ಕಕ್ಕೆ ಹಾಕುವುದು ಅಂತ ಲೆಕ್ಕ ಪರಿಶೋಧಕರು ಕೇಳಿದ್ದಾರೆ. ಬರುವ ಸರ್ವ ಸದಸ್ಯರ ಸಭೆಯಲ್ಲಿ ಆ ವಿಷಯ ಇಡಲಿದ್ದೇವೆ, ತಾವೆಲ್ಲರೂ ತಪ್ಪದೆ ಬರಬೇಕು.