ವೆನಿಸಿನ ಗ್ರೊಸ್ಸೊ ನಾಣ್ಯದ ಉಗಮಕಾಲ

ವೆನಿಸ್ ಗಣರಾಜ್ಯದ ಅಧಿಪತಿಗೆ ಡೋಜ್ ಎಂದು ಹೆಸರು. ಡೋಜ್ ಎನ್ರಿಕೊ ದಾಂದೊಲೊ (1192–1205) ಟಂಕಿಸಿದ ಗ್ರೊಸ್ಸೊ ಎಂಬ ಬೆಳ್ಳಿಯ ನಾಣ್ಯವು ನಾಲ್ಕನೆಯ ಕ್ರೂಸೇಡಿನ ಫಲವೇ, ಅಥವಾ ಅದಕ್ಕೂ ಹಿಂದಿನದೇ? ಯುದ್ಧದ ಹಣವೋ ವಾಣಿಜ್ಯದ ಹಣವೋ ಎಂಬುದು ಇದರಿಂದ ನಿರ್ಧಾರವಾಗಬೇಕಾದುದರಿಂದ ಈ ಪ್ರಶ್ನೆಯು ಕೇವಲ ತೇದಿಯ ವಿವಾದವಲ್ಲ.

ಹಡಗು ಕಟ್ಟಿದ ಕುಶಲಕರ್ಮಿಗಳಿಗೆ ಕೂಲಿ ಕೊಡಲು ಈ ನಾಣ್ಯವನ್ನು ಅಚ್ಚು ಹಾಕಿಸಲಾಯಿತೆಂದು ಮಾರ್ತಿನೊ ದ ಕನಾಲನು ಬರೆದಿದ್ದಾನೆ. ಆದರೆ ಅವನು ಬರೆದುದು ಘಟನೆಗೆ ಸುಮಾರು ಎಪ್ಪತ್ತು ವರ್ಷಗಳ ತರುವಾಯ. ಹದಿನಾಲ್ಕನೆಯ ಶತಮಾನದಲ್ಲಿ ತಾನೇ ಡೋಜ್ ಆಗಿದ್ದ ಆಂದ್ರೆಯ ದಾಂದೊಲೊನು ಇದನ್ನು ಎನ್ರಿಕೊನ ಆಳ್ವಿಕೆಯ ಮೊದಲ ವರ್ಷಗಳಿಗೆ ಸೇರಿಸುತ್ತಾನೆ. ಇವನು ಇನ್ನೂ ಈಚಿನವನಾದರೂ ರಾಜ್ಯದ ದಾಖಲೆಗಳನ್ನು ಕೈಯಾರೆ ಸಂಗ್ರಹಿಸಿದವನು. ನಾಣ್ಯಗಳು ತಾವಾಗಿ ತೀರ್ಪು ಕೊಡಲಾರವು. ಅವುಗಳ ಮೇಲೆ ಡೋಜನ ಹೆಸರಿದೆ, ವರ್ಷವಿಲ್ಲ.

ಆದ್ದರಿಂದ ಅಗತ್ಯವನ್ನು ವಿಚಾರಿಸಬೇಕು. ಅದುವರೆಗಿನ ದೆನಾರೊ ಅರ್ಧ ಗ್ರಾಂ ಕೂಡ ತೂಗದ, ನಾಲ್ಕರಲ್ಲಿ ಒಂದು ಪಾಲಷ್ಟೆ ಬೆಳ್ಳಿಯಿದ್ದ ಪುಡಿಕಾಸು. ಗ್ರೊಸ್ಸೊ ಸುಮಾರು 2.18 ಗ್ರಾಂ ತೂಕದ್ದು. ನೂರಕ್ಕೆ 98ಕ್ಕೂ ಮೇಲ್ಪಟ್ಟು ಶುದ್ಧವಾದುದು. ಬೈಜಾಂಟಿಯಮ್ಮಿನ ನಾಣ್ಯಗಳು ಕಳಪೆಯಾಗುತ್ತಿದ್ದ ಆ ದಶಕದಲ್ಲಿ ಪೂರ್ವದ ಪೇಟೆಗಳಲ್ಲಿ ಸಲ್ಲುವ ಹಣ ವೆನಿಸಿನ ವರ್ತಕರಿಗೆ ಬೇಕಾಗಿದ್ದಿತು. 1168ರಲ್ಲಿ ಫ್ರೈಬರ್ಗಿನಲ್ಲಿ ಬೆಳ್ಳಿಯ ಅದಿರು ದೊರೆತ ಮೇಲೆ ಜರ್ಮನಿಯಿಂದ ಆಲ್ಪ್ಸ್ ದಾಟಿ ಲೋಹವೂ ಬರುತ್ತಿದ್ದಿತು. ಇಷ್ಟಿರಲು, ನಾಣ್ಯಕ್ಕೆ ಕ್ರೂಸೇಡೇ ಬೇಕಾಗಿತ್ತೆನ್ನಲು ಕಾರಣ ಕಾಣದು.

ಆದರೆ ಅದರ ಪ್ರಾಚುರ್ಯಕ್ಕೆ ಕ್ರೂಸೇಡು ಕಾರಣವಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 1201ರ ಒಪ್ಪಂದದಂತೆ 33,500 ಜನರನ್ನು ಸಾಗಿಸಲು ಯೋಧರು 85,000 ಮಾರ್ಕ್ ಬೆಳ್ಳಿ ಕೊಡಬೇಕಾಗಿದ್ದಿತು. ಇದು ಇಪ್ಪತ್ತು ಟನ್ನಿಗೆ ತುಸು ಕಡಮೆ. ಸೇರಿದ ಜನ ಅದರ ಮೂರನೆಯ ಒಂದು ಪಾಲಿನಷ್ಟು. ಚಿನ್ನಬೆಳ್ಳಿಯ ಪಾತ್ರೆಗಳನ್ನು ಡೋಜನ ಮನೆಗೆ ಹೊತ್ತು ಸಾಗಿಸಿದರೂ 34,000 ಮಾರ್ಕ್ ಬಾಕಿ ಉಳಿಯಿತೆಂದು ವಿಲಾರ್ದುವೆನನು ಹೇಳಿದ್ದಾನೆ. ಆ ಬಾಕಿಯ ಭಾರವೇ ದಂಡನ್ನು 1202ರಲ್ಲಿ ಜಾರಾಕ್ಕೂ, ಆ ಮೇಲೆ ಬೇರೆ ಕಾರಣಗಳೊಡಗೂಡಿ ಕಾನ್‌ಸ್ಟಾಂಟಿನೋಪಲ್ಲಿಗೂ ಎಳೆಯಿತು. ಸಲ್ಲಿಸಿದ ಬೆಳ್ಳಿಯಲ್ಲಿ ಬಹುಭಾಗ ಟಂಕಸಾಲೆಯನ್ನು ಸೇರಿರಬೇಕು.

ಮುಂಬದಿಯಲ್ಲಿ ಸಂತ ಮಾರ್ಕನು ಡೋಜನಿಗೆ ಧ್ವಜವನ್ನೀಯುತ್ತಾನೆ. ಹಿಂಬದಿಯಲ್ಲಿ ಸಿಂಹಾಸನಾರೂಢ ಕ್ರಿಸ್ತನಿದ್ದಾನೆ. ಈ ವಿನ್ಯಾಸದ ಮಾದರಿ ಬೈಜಾಂಟಿಯಮ್ಮಿನದೇ. ಆದರೆ ಅಲ್ಲಿ ಚಕ್ರವರ್ತಿ ನಿಲ್ಲುವ ಸ್ಥಳದಲ್ಲಿ ಇಲ್ಲಿ ನಗರವೊಂದರ ಚುನಾಯಿತ ಅಧಿಪತಿ ನಿಂತಿದ್ದಾನೆ. (ವರ್ತಕರಿಗೆ ಇಂತಹ ಧೈರ್ಯ ಬಂದುದು ಗಮನಾರ್ಹ.) ಡೋಜರು ಬದಲಾದರೂ ಹೆಸರೊಂದನ್ನುಳಿದು ತೂಕ, ಶುದ್ಧಿ, ಚಿತ್ರ ಯಾವುವೂ ನೂರೈವತ್ತು ವರ್ಷ ಹೆಚ್ಚು ಬದಲಾಗಲಿಲ್ಲ. ಸೆರ್ಬಿಯದ ಅರಸರು ಇದನ್ನು ಅನುಕರಿಸಿದರು. 1282ರಲ್ಲಿ ವೆನಿಸ್ ಆ ನಾಣ್ಯಗಳನ್ನು ತಡೆಯಲು ಆಜ್ಞೆ ಹೊರಡಿಸಿತು. ದಾಂತೆಯು ತನ್ನ ಕಾವ್ಯದ ಸ್ವರ್ಗಕಾಂಡದಲ್ಲಿ ಆ ಅರಸನೊಬ್ಬನನ್ನು ಇದಕ್ಕಾಗಿಯೇ ಹಳಿದಿದ್ದಾನೆ. ಕೊನೆಗೆ 1304ರ ವೇಳೆಗೆ, ಬೈಜಾಂಟಿಯಮ್ಮಿನ ಚಕ್ರವರ್ತಿ ಎರಡನೆಯ ಆಂಡ್ರೊನಿಕಸನೇ ತನ್ನ ಬೆಳ್ಳಿಯ ‘ಬಸಿಲಿಕಾನ್’ ನಾಣ್ಯಕ್ಕೆ ವೆನಿಸಿನ ಗ್ರೊಸ್ಸೊವನ್ನು ಮಾದರಿಯಾಗಿ ಇಟ್ಟುಕೊಂಡನು.