ಶಾಲೆಗೆ ಬಂದ ಫೆರಾರಿ

ಹೊಸ ಕಾರು ಅಂಗಡಿಯ ಅಂಗಳ ದಾಟಿದೊಡನೆ ಹಳೆಯದಾಗುತ್ತದೆ. ಹತ್ತು ಲಕ್ಷ ರೂಪಾಯಿಯ ಕಾರಿಗೆ ವರ್ಷಕ್ಕೆ ಶೇಕಡ 20ರಂತೆ ಸವಕಳಿ ಹಿಡಿದರೆ, ಮೂರು ವರ್ಷದ ನಂತರ ಉಳಿಯುವ ಬೆಲೆ 5,12,000 ರೂಪಾಯಿ. ವೇಗದ ಸ್ಪೋರ್ಟ್ಸ್ ಕಾರುಗಳಿಗೂ ಈ ಲೆಕ್ಕ ಹೊಂದುತ್ತದೆಯೇ? ಇತಿಹಾಸವನ್ನೇ ಕೇಳೋಣ.

ಇಟಲಿಯ ಫೆರಾರಿ ಸಂಸ್ಥೆ 1962ರಿಂದ 1964ರವರೆಗೆ ‘250 ಜಿಟಿಒ’ ಎಂಬ ಪಂದ್ಯದ ಕಾರನ್ನು ತಯಾರಿಸಿತು. ಒಟ್ಟು ತಯಾರಾದದ್ದು 36 ಮಾತ್ರ. ಅಮೆರಿಕದಲ್ಲಿ ಒಂದರ ಬೆಲೆ ಸುಮಾರು 18 ಸಾವಿರ ಡಾಲರ್. ಅಷ್ಟರಲ್ಲಿ ಚಾಲಕನ ಬೆನ್ನ ಹಿಂದೆ ಎಂಜಿನ್ ಇರುವ ಮಾದರಿಗಳು ಬಂದವು. ಮುಂಭಾಗದಲ್ಲಿ ಎಂಜಿನ್ ಇದ್ದ ಜಿಟಿಒ ಪಂದ್ಯಗಳಲ್ಲಿ ಹಿಂದೆ ಬಿದ್ದಿತು, ಬೆಲೆಯೂ ಕುಸಿಯಿತು. ಟೆಕ್ಸಾಸಿನ ಒಂದು ಪ್ರೌಢಶಾಲೆಗೆ ಇಂಥ ಕಾರೊಂದು ದಾನವಾಗಿ ಬಂದಿತು! 1972ರಲ್ಲಿ ಶಾಲೆ ಅದನ್ನು 6,500 ಡಾಲರಿಗೆ ಮಾರಿತು. ಮುಂದೆ ಅದು ಓಹಾಯೋದ ಬಯಲಿನಲ್ಲಿ ಹಲವು ವರ್ಷ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿತ್ತು. 2018ರಲ್ಲಿ ಇನ್ನೊಂದು ಜಿಟಿಒ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು.

ಯಂತ್ರ ಅದೇ, ಬದಲಾದದ್ದು ಅದನ್ನು ಬಯಸುವವರ ಸಂಖ್ಯೆ. ಸವಕಳಿ ಅಳೆಯುವುದು ಸವೆತವನ್ನು, ಹಳತಾಗುವಿಕೆಯನ್ನು; ಅಪರೂಪತೆಯನ್ನಲ್ಲ. ಆದರೆ ಒಂದು ಎಚ್ಚರ: ಹತ್ತು ವರ್ಷದೊಳಗೆ ಮಾರಿದವರಿಗೆ ಜಿಟಿಒ ಕೂಡ ನಷ್ಟವನ್ನೇ ತಂದಿತು. ಇಂದು ಸಾವಿರಗಟ್ಟಲೆ ತಯಾರಾಗುವ ಕಾರನ್ನು ಕೊಂಡು ಅಂಥ ಅದೃಷ್ಟಕ್ಕೆ ಕಾಯುವುದು ಜಾಣತನವಲ್ಲ. ಕಳೆದುಹೋಗುವ ಬೆಲೆಯನ್ನು ಓಡಿಸುವ ಸಂತೋಷಕ್ಕೆ ತೆತ್ತ ಬಾಡಿಗೆಯೆಂದು ಮೊದಲೇ ಬರೆದಿಟ್ಟು, ಅದು ನಮಗೆ ಭರಿಸಲು ಸಾಧ್ಯವೇ ಎಂದು ಕೇಳಿಕೊಳ್ಳುವುದೇ ಸರಿಯಾದ ಲೆಕ್ಕ.