ಹಿಮಹರಳು: ಹಡಪಸರದ ಲಸಿಕೆ ಸೀಸೆಯಲ್ಲಿ

ಪುಣೆಯಿಂದ ಸೊಲ್ಲಾಪುರಕ್ಕೆ ಹೋಗುವ ದಾರಿಯಲ್ಲಿರುವ ಹಡಪಸರದಲ್ಲಿ ಹಿಮ ಬೀಳುವುದಿಲ್ಲ. ಆದರೂ ಹಿಮಹರಳಿನ ಚರಿತ್ರೆಯಲ್ಲಿ ಈ ಊರಿಗೆ ದೊಡ್ಡ ಸ್ಥಾನವಿದೆ. 1966ರಲ್ಲಿ ಸೈರಸ್ ಪೂನಾವಾಲಾ ಕಟ್ಟಿದ ಸೀರಮ್ ಇನ್‌ಸ್ಟಿಟ್ಯೂಟ್ ಇಲ್ಲಿಯದು. ಅದರ ದಡಾರ, ರುಬೆಲ್ಲಾ, ಬಿಸಿಜಿ ಲಸಿಕೆಗಳು ಸೀಸೆಯೊಳಗೆ ಒಮ್ಮೆ ಹೆಪ್ಪುಗಟ್ಟಿ, ಬಳಿಕ ಒಣಗಿ ಹೊರಬರುತ್ತವೆ.

ಹರಳನ್ನು ಹತ್ತಿರದಿಂದ ನೋಡುವ ಹಂಬಲ ಹಳೆಯದು. ಹಿಮಕ್ಕೆ ಆರೇ ಮೂಲೆ ಏಕೆಂದು 1611ರಲ್ಲಿ ಕೆಪ್ಲರ್ ಪುಟ್ಟ ಪುಸ್ತಕವನ್ನೇ ಬರೆದರು. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಮೊದಲ ಚಿತ್ರ ತೆಗೆದರು. 1936ರಲ್ಲಿ ಜಪಾನಿನ ಉಕಿಚಿರೊ ನಕಾಯ ಮೊಲದ ಕೂದಲಿನ ಮೇಲೆ ಹರಳು ಬೆಳೆಸಿದರು.

ಸೀಸೆಯೊಳಗಿನ ಹರಳಿನ ಕತೆ ಬೇರೆ. ನೀರು ಹರಳುಗಟ್ಟುವಾಗ ಪರಕೀಯವಾದದ್ದನ್ನೆಲ್ಲ ಪಕ್ಕಕ್ಕೆ ತಳ್ಳುತ್ತದೆ. ಸಕ್ಕರೆ, ಜೆಲಟಿನ್, ವೈರಾಣು ಎಲ್ಲವೂ ಹರಳುಗಳ ನಡುವಿನ ಸಂದಿಯಲ್ಲಿ ಒತ್ತರಿಸಿಕೊಂಡು, ಗಾಜಿನಂತೆ ಗಟ್ಟಿಯಾಗುತ್ತವೆ. ಆಮೇಲೆ ನಿರ್ವಾತದಲ್ಲಿ, ಕರ್ಪೂರ ಕರಗದೆಯೇ ಮಾಯವಾಗುವಂತೆ, ಮಂಜುಗಡ್ಡೆ ನೇರವಾಗಿ ಆವಿಯಾಗಿ ಹೋಗುತ್ತದೆ. ಸೀಸೆಯ ತಳದಲ್ಲಿ ಉಳಿಯುವುದು ಬೆಳ್ಳನೆಯ ಬಿಲ್ಲೆ. ಅದರ ಸೀಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜೇನುಹುಟ್ಟಿನಂಥ ತೆಳುಗೋಡೆಗಳು, ಗೂಡು ಗೂಡು. ಒಂದೊಂದು ಗೂಡೂ ಹೊರಟುಹೋದ ಒಂದು ಹರಳಿನ ಅಚ್ಚು! ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಹರಳು ದೊಡ್ಡದು, ಗೂಡು ಅಗಲ, ಆವಿಗೆ ದಾರಿ ಸಲೀಸು. ಅವಸರಪಟ್ಟರೆ ಗೂಡು ಕಿರಿದಾಗಿ ಒಣಗುವುದೇ ತಡವಾಗುತ್ತದೆ. ನಕ್ಷತ್ರದಾಕಾರದ ಹಿಮಕ್ಕಿಂತ ಈ ಬರಿದಾದ ಗೂಡುಗಳೇ ಹೆಚ್ಚು ಚೆಲುವಾದವು ಎನ್ನಬೇಕು.

ಕನ್ನಡ ನಾಡಿಗೆ ಈ ವಿದ್ಯೆ ಹಡಪಸರದಿಂದ ಬಂದದ್ದಲ್ಲ. 1950ರ ದಶಕದಲ್ಲಿ ಇಂಗ್ಲೆಂಡಿನ ಲೆಸ್ಲಿ ಕಾಲಿಯರ್ ಸಿಡುಬಿನ ಲಸಿಕೆಯನ್ನು ಹೀಗೆ ಒಣಗಿಸುವ ನೆಚ್ಚಬಹುದಾದ ಕ್ರಮ ರೂಪಿಸಿದರು. ಮುಂದೆ ಭಾರತದಲ್ಲಿ ಅದನ್ನು ತಯಾರಿಸಿದ ನಾಲ್ಕು ಕೇಂದ್ರಗಳಲ್ಲಿ ಬೆಳಗಾವಿಯೂ ಒಂದು. ಊರಿನವರ ಬಾಯಲ್ಲಿ ಆ ಜಾಗ ಇಂದಿಗೂ ‘ವ್ಯಾಕ್ಸಿನ್ ಡಿಪೋ’.

ಎಲ್ಲ ಲಸಿಕೆಗೂ ಹರಳು ಹಿತವಲ್ಲ. ಅಲ್ಯೂಮಿನಿಯಂ ಲವಣವಿರುವ ಡಿಪಿಟಿ ಹೆಪ್ಪುಗಟ್ಟಿದರೆ ಕಣಗಳು ಗಂಟುಗಟ್ಟಿ ಲಸಿಕೆ ಕೆಡುತ್ತದೆ. ಅನುಮಾನ ಬಂದಾಗ ದಾದಿಯರು ಸೀಸೆ ಅಲುಗಾಡಿಸಿ, ಗಸಿ ಎಷ್ಟು ಬೇಗ ಇಳಿಯುತ್ತದೆಂದು ನೋಡುತ್ತಾರೆ.

ಹಡಪಸರದ ಒಣ ಲಸಿಕೆಗಳಲ್ಲಿ ದೂರ ಹೋದದ್ದು ಮೆನಾಫ್ರಿವ್ಯಾಕ್. ಆಫ್ರಿಕದ ಮೆದುಳುಪೊರೆ ಜ್ವರಕ್ಕೆಂದು 2010ರಲ್ಲಿ ಬುರ್ಕಿನಾ ಫಾಸೊದಲ್ಲಿ ಶುರುವಾಯಿತು. 2012ರಲ್ಲಿ, 40 ಡಿಗ್ರಿ ಬಿಸಿಲಲ್ಲೂ ನಾಲ್ಕು ದಿನ ತಾಳಬಲ್ಲದೆಂದು ಒಪ್ಪಿಗೆ ಸಿಕ್ಕಿತು. ಐಸ್ ಪೆಟ್ಟಿಗೆ ಹೊರದೆಯೇ ಬೆನಿನ್‌ನ ಹಳ್ಳಿಗಳನ್ನು ಮುಟ್ಟಿತು. ಅಲ್ಲಿ ಸೂಜಿಯಿಂದ ದ್ರವ ಬಿಟ್ಟ ಕೂಡಲೇ ಹರಳಿನ ಗೂಡುಗಳಿಗೆ ಮತ್ತೆ ನೀರು ನುಗ್ಗಿತು.